ಹನ್ನೊಂದು ಗಂಟೆಯ ರೋಗಿಗಳು

ಕಳೆದ ತಿಂಗಳು ಒಂದು ಮಂಗಳವಾರ ನಾನು ರೋಗಿಯಾದೆ. ಕಾಯಿಲೆ ಬಂದು ಅಲ್ಲ, ಫೋನ್ ಬಂದು.

"ಮೇಡಂ, ನಾಳೆ ಹನ್ನೊಂದು ಗಂಟೆಗೆ ಕ್ಲಿನಿಕ್‌ಗೆ ಬಂದು ಒಂದರ್ಧ ಗಂಟೆ ಬೆಂಚ್ ಮೇಲೆ ಕೂತ್ಕೊಳ್ತೀರಾ? ಪೇಷಂಟ್ ಥರ."

ಹಿಂದಿನ ದಿನ ಹೀಗೆ ಕೇಳಿದವರು ನಿರ್ಮಲಾ ಸಿಸ್ಟರ್. (ಹೆಸರುಗಳನ್ನು ಬದಲಿಸಿದ್ದೇನೆ, ಕಾರಣ ಮುಂದೆ ಗೊತ್ತಾಗುತ್ತದೆ.) ಬೆಂಗಳೂರಿನ ಲಗ್ಗೆರೆಯ ನಮ್ಮ ಬೀದಿಯಲ್ಲಿ ಒಂದು ಟ್ರಸ್ಟ್ ನಡೆಸುವ ಎರಡು ಕೋಣೆಯ ಕ್ಲಿನಿಕ್ ಇದೆ. ಸಿಸ್ಟರ್ ಅಲ್ಲಿನ ನರ್ಸು.

ಆ ಕ್ಲಿನಿಕ್ ಬಾಗಿಲು ತೆರೆಯುವುದೇ ಸಂಜೆ ಆರಕ್ಕೆ. ಹಗಲು ತೆರೆಯುವ ಆಸ್ಪತ್ರೆಗಳು ಬೇಕಾದಷ್ಟಿವೆ. ಆದರೆ ಹಗಲು ಲಗ್ಗೆರೆಯ ಜನ ಪೀಣ್ಯದ ಕಾರ್ಖಾನೆಗಳಲ್ಲಿರುತ್ತಾರೆ. ಕೆಲವರು ಲೇತ್ ಮುಂದೆ, ಕೆಲವರು ಹೊಲಿಗೆ ಯಂತ್ರದ ಮುಂದೆ. ಕೆಲಸ ಬಿಟ್ಟು ಡಾಕ್ಟರ ಹತ್ತಿರ ಹೋದರೆ ಜ್ವರದ ಜೊತೆ ಆ ದಿನದ ಸಂಬಳವೂ ಇಳಿಯುತ್ತದೆ.

ಇಷ್ಟು ದಿನ ಖರ್ಚು ನೋಡಿಕೊಳ್ಳುತ್ತಿದ್ದ ದಾನಿಯೊಬ್ಬರು ಕೈಬಿಟ್ಟಿದ್ದರು. ಒಂದು ದೊಡ್ಡ ಕಂಪನಿಯ ಸಿಎಸ್‌ಆರ್ ಗ್ರಾಂಟ್‌ಗೆ, ಅಂದರೆ ಸಮಾಜಸೇವೆಗೆಂದು ಮೀಸಲಿಟ್ಟ ಹಣಕ್ಕೆ, ಅರ್ಜಿ ಹೋಗಿತ್ತು. ಅದು ಬಾರದಿದ್ದರೆ ಕ್ಲಿನಿಕ್‌ಗೆ ಬೀಗ. ಕಂಪನಿಯವರು ಕಣ್ಣಾರೆ ನೋಡಲು ಬರುತ್ತಿದ್ದರು, ಬೆಳಗ್ಗೆ ಹನ್ನೊಂದಕ್ಕೆ.

"ಸಂಜೆ ಬನ್ನಿ ಅನ್ನಬಾರದಿತ್ತಾ?" ಎಂದೆ.

"ಹೇಳ್ದೆ ಮೇಡಂ. ಅವ್ರು ವೈಟ್‌ಫೀಲ್ಡಿಂದ ಬರ್ಬೇಕು, ಸಂಜೆ ಟ್ರಾಫಿಕ್‌ನಲ್ಲಿ ಆಗಲ್ಲ ಅಂದ್ರು. ಖಾಲಿ ಬೆಂಚ್ ನೋಡಿ ಯಾರು ಗ್ರಾಂಟ್ ಕೊಡ್ತಾರೆ ಹೇಳಿ?"

ಸರಿಯಾದ ಮಾತು ಅನ್ನಿಸಿತು. (ಆಗ.)

ಹೋದೆ. ಒಟ್ಟು ಆರು ಜನ ಸೇರಿದ್ದೆವು, ಎಲ್ಲರೂ ಹಗಲು ಬಿಡುವಾಗಿರುವವರು. ಮುಂದಿನ ಸೀಟಿನಲ್ಲಿ ಮಫ್ಲರ್ ಸುತ್ತಿಕೊಂಡ ಗಂಗಣ್ಣ, ಕ್ಲಿನಿಕ್ ಇರುವ ಬಿಲ್ಡಿಂಗಿನ ಓನರ್. ಲಗ್ಗೆರೆ ಹಳ್ಳಿಯಾಗಿದ್ದಾಗ ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರು, ಈಗ ಬಾಡಿಗೆ ಬೆಳೆಯುತ್ತಾರೆ.

ಕಂಪನಿಯಿಂದ ಬಂದದ್ದು ಲ್ಯಾಪ್‌ಟಾಪ್ ಹಿಡಿದ ಒಬ್ಬ ಯುವತಿ. ಮನಸ್ಸಿನಲ್ಲೇ ಬಯ್ದುಕೊಳ್ಳಲು ತಯಾರಾಗಿಯೇ ಹೋಗಿದ್ದೆ, ಆದರೆ ಆಕೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಒಬ್ಬೊಬ್ಬರನ್ನೂ ಕನ್ನಡದಲ್ಲೇ ಮಾತಾಡಿಸಿದಳು.

"ಏನಾಗಿದೆ ಅಂಕಲ್?"

"ಕೆಮ್ಮು ಕಣವ್ವಾ. ಇಂಗೇ ಬತ್ತದೆ, ಅಂಗೇ ಓಯ್ತದೆ."

"ಯಾವಾಗಿಂದ?"

"ಸಿಸ್ಟರು ಫೋನ್ ಮಾಡ್ದಾಗಿಂದ."

"ಅಂದ್ರೆ ನಿನ್ನೆಯಿಂದ ಮೇಡಂ!" ಎಂದು ಸಿಸ್ಟರ್ ಗಡಿಬಿಡಿಯಲ್ಲಿ ತಿದ್ದಿದರು. ಆಕೆ ಹಾಗೇ ಟೈಪ್ ಮಾಡಿಕೊಂಡಳು.

ನನ್ನ ಸರದಿ. "ಈ ಟೈಮ್ ನಿಮ್ಗೆ ಅನುಕೂಲ ಆಗತ್ತಾ ಆಂಟಿ?"

"ತುಂಬಾ ಅನುಕೂಲ," ಎಂದೆ. ಸುಳ್ಳಲ್ಲ. ರಿಟೈರಾದವಳಿಗೆ ಹನ್ನೊಂದು ಗಂಟೆಯಾದರೇನು, ಮೂರಾದರೇನು?

ಆಕೆ ನೋಡಲಿ ಎಂದು ಸಿಸ್ಟರ್ ನನ್ನ ತೋಳಿಗೆ ಬಿಪಿ ಪಟ್ಟಿ ಕಟ್ಟಿದರು. ಯಂತ್ರ ನೋಡಿದ ಅವರ ಮುಖ ಇಳಿಯಿತು. ಕಿವಿಯ ಹತ್ತಿರ ಬಗ್ಗಿ, "ಮೇಡಂ, ನಿಮ್ದು ನಿಜವಾಗ್ಲೂ ಜಾಸ್ತಿ ಇದೆ. ಸಂಜೆ ಡಾಕ್ಟ್ರಿಗೆ ತೋರಿಸ್ಲೇಬೇಕು," ಎಂದರು. ಅಂತೂ ಆರು ಜನರಲ್ಲಿ ಒಬ್ಬಳಾದರೂ ಅಸಲಿ!

ಎರಡು ವಾರಕ್ಕೆ ಗ್ರಾಂಟ್ ಮಂಜೂರಾಯಿತು. ಗಂಗಣ್ಣ ಬೀದಿಗೆಲ್ಲ ಲಾಡು ಹಂಚಿದರು. ಲಾಡು ಮುಗಿದ ಮೇಲೆ ಸಿಸ್ಟರ್ ಪತ್ರದ ಎರಡನೇ ಪುಟ ಓದಿದರು.

ಭೇಟಿಯ ವೇಳೆ ಹಗಲು ಹೊತ್ತಿನಲ್ಲೇ ಸಾಕಷ್ಟು ರೋಗಿಗಳು ಕಂಡುಬಂದಿದ್ದಾರೆ. ಈ ಸಮಯ ಅನುಕೂಲವೆಂದು ಅವರೇ ತಿಳಿಸಿದ್ದಾರೆ. ಆದ್ದರಿಂದ ಮುಂದಿನ ತಿಂಗಳಿಂದ ಕ್ಲಿನಿಕ್ ಹತ್ತರಿಂದ ನಾಲ್ಕರವರೆಗೆ ನಡೆಯಬೇಕು. ಸಂಜೆಗೆ ಅನುದಾನವಿಲ್ಲ.

ಅಷ್ಟು ಚೆನ್ನಾಗಿ ನಟಿಸಿದ್ದೆವು ನಾವು.

ಅದೇ ದಿನ ಸಂಜೆ ಏಳಕ್ಕೆ ಬಿಪಿ ಮಾತ್ರೆಗೆಂದು ಹೋದೆ. ಬೆಂಚು ತುಂಬಿ ಕ್ಯೂ ಮೆಟ್ಟಿಲವರೆಗೆ ಬಂದಿತ್ತು. ನನ್ನ ಪಕ್ಕ ಮಂಜುಳಾ, ಗಾರ್ಮೆಂಟ್ಸ್‌ನಲ್ಲಿ ಶರ್ಟಿನ ಕಾಲರ್ ಹೊಲಿಯುವವಳು. ಮೂವತ್ತನಾಲ್ಕಕ್ಕೇ ಸಕ್ಕರೆ ಕಾಯಿಲೆ. ಕೊರಳಲ್ಲಿ ಫ್ಯಾಕ್ಟರಿಯ ಐಡಿ ಕಾರ್ಡ್ ಇನ್ನೂ ನೇತಾಡುತ್ತಿತ್ತು.

"ಇನ್ಮೇಲೆ ಹತ್ತರಿಂದ ನಾಲ್ಕಂತೆ ಅಕ್ಕ. ಆಗ ನಾನು ಮಷೀನ್ ಮುಂದೆ ಇರ್ತೀನಿ. ತಿಂಗ್ಳಾ ತಿಂಗ್ಳಾ ಯಾರು ರಜಾ ಕೊಡ್ತಾರೆ? ಹೋದ್ವರ್ಷ ಹಿಂಗೇ ಮಾತ್ರೆ ತಪ್ಪಿ ಫ್ಯಾಕ್ಟ್ರಿ ಲೈನಲ್ಲೇ ಬಿದ್ದಿದ್ದೆ."

ಆಮೇಲೆ ಕೇಳಿದಳು: "ಹಗಲು ಪೇಷಂಟ್ಸ್ ಜಾಸ್ತಿ ಬರ್ತಾರೆ ಅಂತ ಬರ್ದಿದಾರಂತಲ್ಲ, ಯಾರಕ್ಕ ಅವ್ರು?"

ನನಗೆ ತುಂಬಾ ನಾಚಿಕೆಯಾಯಿತು. ಕ್ಯೂನಲ್ಲಿ ಒಂದು ಹೆಜ್ಜೆ ಮುಂದೆ ಸರಿದೆ.

ನಮ್ಮದು ಇದೊಂದು ಹಳೆಯ ಚಾಳಿ ಕಣ್ರೀ. ಶಾಲೆಗೆ ಇನ್‌ಸ್ಪೆಕ್ಟರ್ ಬಂದರೆ ಜಾಣ ಮಕ್ಕಳನ್ನು ಮುಂದಿನ ಬೆಂಚಿಗೆ ತಂದು ಕೂರಿಸುತ್ತೇವೆ. ಮನೆಗೆ ನೆಂಟರು ಬಂದರೆ ಪಕ್ಕದ ಮನೆಯ ಕುರ್ಚಿ ತರುತ್ತೇವೆ. ಬೆಂಚ್ ಯಾಕೆ ಖಾಲಿ ಇದೆ ಎಂದು ಕಂಪನಿಯ ಆ ಹುಡುಗಿ ಕೇಳಿದ್ದರೆ ಅದಕ್ಕಿಂತ ಒಳ್ಳೆಯ ಅರ್ಜಿ ಬೇಕಿತ್ತೇ? ಇಲ್ಲಿನ ರೋಗಿಗಳೆಲ್ಲ ಹಗಲು ಬರಲಾಗದವರು ಎಂದು ಹೇಳಿದ್ದರೆ ಸಾಕಿತ್ತು. ಖಾಲಿ ಬೆಂಚೇ ನಮ್ಮ ಸಾಕ್ಷಿ, ಅದನ್ನು ನಾವೇ ತುಂಬಿಸಿ ಹಾಳು ಮಾಡಿದೆವು.

ಕಂಪನಿಗೆ ನಿಜ ಹೇಳೋಣ ಎಂದೆ. ಸಿಸ್ಟರ್ ಹೆದರಿದರು. "ಬಂದಿರೋ ಗ್ರಾಂಟೂ ವಾಪಸ್ ಹೋದ್ರೆ?"

ಆ ಭಯ ನನಗೂ ಇತ್ತು. ಈಗಲೂ ಇದೆ.

"ಏಳ್ಬುಡಾನ," ಎಂದರು ಗಂಗಣ್ಣ. "ಮೊದ್ಲು ಕೆಮ್ಮಿದೋನು ನಾನೇ, ಮೊದ್ಲ ಸೈನೂ ನಂದೇ." ಸಿಸ್ಟರ್ ಪೆನ್ ಹುಡುಕಿಕೊಟ್ಟರು.

ಕಳೆದ ವಾರ ಆರೂ ಜನ ಸಹಿ ಹಾಕಿ ಪತ್ರ ಕಳಿಸಿದೆವು. ಉತ್ತರ ಇನ್ನೂ ಬಂದಿಲ್ಲ. ಸಂಜೆ ಕ್ಲಿನಿಕ್‌ಗೆ ಉಳಿದಿರುವುದು ಒಂಬತ್ತು ದಿನ. ಪತ್ರದ ಕೊನೆಯ ಸಾಲು ನನ್ನದು, ಅದನ್ನೇ ಇಲ್ಲಿ ಮತ್ತೆ ಬರೆಯುತ್ತೇನೆ:

ಮಂಜುಳಾ ಸಂಜೆಯ ಟ್ರಾಫಿಕ್ ದಾಟಿಯೇ ಇಲ್ಲಿಗೆ ಬರುತ್ತಾಳೆ, ನೀವೂ ಒಂದು ಸಂಜೆ ಬರುತ್ತೀರಾ?