ಹುಳುಮನೆಯಲ್ಲಿ ಅತ್ತೆಯ ಮಂಚ

ನಮ್ಮ ಮನೆಗೆ ಬಂದವರು ಬಲಗಡೆಯ ಕೋಣೆಗೆ ಇಣುಕಿ, ಗೋಡೆ ನೋಡಿ, ಬಾಯಿ ತಡೆಯಲಾರದೆ ಕೇಳಿಯೇ ಕೇಳುತ್ತಾರೆ: "ಇಷ್ಟು ಚೆನ್ನಾಗಿ ಸುಣ್ಣ ಹೊಡೆದಿದೀರಲ್ಲ, ಈ ಕಂದು ಕಲೆ ಯಾಕೆ ಹಂಗೇ ಬಿಟ್ರಿ?" ನಾನು ಕಾಫಿ ಕೊಟ್ಟು ಮಾತು ಬದಲಿಸುತ್ತೇನೆ. ನಮ್ಮ ಯಜಮಾನರು ಸುಣ್ಣ ಕಲಸಿಕೊಂಡು ಬಂದಾಗಲೆಲ್ಲ ಬಕೆಟ್ಟನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದ್ದೇನೆ. ಆ ಕಲೆ ಕಂಡರೆ ಇವತ್ತಿಗೂ ಎದೆಯ ಮೇಲಿನ ಭಾರ ಇಳಿದಂತಾಗುತ್ತದೆ. ಅದನ್ನು ಅಳಿಸಿ ನಾನೇನು ಮಾಡಲಿ?

ಆ ಕೋಣೆ ಮೊದಲು ಹುಳುಮನೆಯಾಗಿತ್ತು. ಶಿಡ್ಲಘಟ್ಟದ ಪಕ್ಕದ ನಮ್ಮ ಹಳ್ಳಿಯಲ್ಲಿ ರೇಷ್ಮೆಹುಳು ಸಾಕದ ಮನೆಯನ್ನು ಹುಡುಕಬೇಕು. ನಾನು ಚಿಂತಾಮಣಿಯ ಮೇಷ್ಟರ ಮಗಳು. ಮದುವೆಯಾಗಿ ಬಂದ ಹೊಸದರಲ್ಲಿ, ಇಲ್ಲಿ ಮನುಷ್ಯರಿಗಿಂತ ಹುಳುವಿಗೇ ಮರ್ಯಾದೆ ಜಾಸ್ತಿ ಎಂದು ತವರಿಗೆ ಫೋನ್ ಮಾಡಿ ಅತ್ತಿದ್ದೆ. ಹುಳು ಇರುವಾಗ ಊದುಬತ್ತಿ ಹಚ್ಚುವ ಹಾಗಿಲ್ಲ, ಒಗ್ಗರಣೆಯ ಘಾಟು ಎಬ್ಬಿಸುವ ಹಾಗಿಲ್ಲ. ಆ ರಾಜ್ಯಕ್ಕೆ ನಮ್ಮತ್ತೆ ರಾಣಿ. ರಾಣಿಯಾದರೂ ಆ ಕೋಣೆಯಲ್ಲಿ ಅವರು ಕೂತದ್ದನ್ನು ಯಾರೂ ಕಂಡವರಿಲ್ಲ. ಸೊಪ್ಪು ಹಾಕುತ್ತ, ಹುಳುವಿನ ತಟ್ಟೆ ಬದಲಿಸುತ್ತ, ಮೂಲೆಯ ಪೊರಕೆ ಹಿಡಿದು ಹಲ್ಲಿ ಓಡಿಸುತ್ತ ಓಡಾಡಿಕೊಂಡೇ ಇರುತ್ತಿದ್ದರು. ಹುಳುಮನೆಗೆ ಹಲ್ಲಿ ಬಂದರೆ ಕುರಿಹಟ್ಟಿಗೆ ತೋಳ ಬಂದ ಹಾಗೆ. ಅತ್ತೆಯ ತವರು ಆಂಧ್ರದ ಗಡಿಯಲ್ಲಿ. ನೆಮ್ಮದಿಯಾಗಿದ್ದಾಗ ಕನ್ನಡ ಆಡುವ ಬಾಯಿ ಹಲ್ಲಿ ಕಂಡ ಕೂಡಲೇ ತೆಲುಗಿಗೆ ತಿರುಗುತ್ತಿತ್ತು. ನನ್ನನ್ನು ಬೈಯುವಾಗಲೂ ತೆಲುಗೇ. ಹಾಗಾಗಿ ಸಿಟ್ಟು ಎಷ್ಟಿದೆಯೆಂದು ಅಡುಗೆಮನೆಯಲ್ಲಿ ಕೂತೇ ತಿಳಿಯಬಹುದಿತ್ತು.

ತೋಟದಲ್ಲಿ ಹೊಸ ಶೆಡ್ಡು ಎದ್ದ ಮೇಲೆ ಹುಳುಗಳು ಅಲ್ಲಿಗೆ ಹೋದವು. ಹಳೆಯ ಕೋಣೆಯಲ್ಲಿ ಬಿದಿರಿನ ತಟ್ಟೆ, ತಟ್ಟೆ ಜೋಡಿಸುವ ಮುರಿದ ಬಿದಿರು ಸ್ಟ್ಯಾಂಡು, ಗೊಬ್ಬರದ ಚೀಲ, ಒಂದು ಕಾಲಿಲ್ಲದ ಕುರ್ಚಿ ಸೇರಿಕೊಂಡವು.

ಯುಗಾದಿಗೆ ಬಹಳ ಮುಂಚೆಯೇ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಯುಗಾದಿ ಕಳೆದು ಮತ್ತೆ ತೋರಿಸಲು ಹೋದಾಗ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, "ಮೂಳೆ ಚೆನ್ನಾಗಿ ಕೂಡಿದೆ, ಇನ್ನು ನಡೆಸಿ. ಇನ್ನೆರಡು ತಿಂಗಳು ಹೀಗೇ ಮಲಗಿಸಿಟ್ರೆ ಕೀಲು ಬಿಗಿದುಕೊಳ್ಳುತ್ತೆ. ಆಮೇಲೆ ನನ್ನ ಕೈಲೂ ಆಗಲ್ಲ" ಎಂದರು.

ಅತ್ತೆ ನಡೆಯಲಿಲ್ಲ. ವಾಕರ್ ತಂದರೆ ಅದರ ಮೇಲೆ ಸೀರೆ ಒಣಹಾಕಿಸಿದರು. ಹಿಡಿದು ಎಬ್ಬಿಸಿದರೆ ಮೈಯೆಲ್ಲ ನಡುಗಿ, ಬೆವರಿ, ಮಂಚದ ಮೇಲೆ ಕುಸಿಯುತ್ತಿದ್ದರು. ಕಾರಣ ನಮಗೆ ಗೊತ್ತಿತ್ತು. ನಗರಗೆರೆಯಲ್ಲಿದ್ದ ಅವರ ಅಕ್ಕನೂ ಹೀಗೇ ಬಿದ್ದು, ಎದ್ದು ನಿಂತ ಮೇಲೆ ಮತ್ತೊಮ್ಮೆ ಬಿದ್ದು, ಕೊನೆಯವರೆಗೂ ಹಾಸಿಗೆ ಬಿಟ್ಟು ಏಳಲೇ ಇಲ್ಲ. "ನಮ್ಮಕ್ಕನ ಗತೀನೇ ನಂಗೂ" ಎಂದು ಅತ್ತೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಬೈಯುವುದನ್ನೂ ಬಿಟ್ಟರು. ಉಪ್ಪು ಜಾಸ್ತಿಯಾದ ಸಾರಿಗೂ "ಚೆನ್ನಾಗೈತೆ ಕಣಮ್ಮ" ಎನ್ನುತ್ತಿದ್ದರು, ಅದೂ ಕನ್ನಡದಲ್ಲಿ. ಆಗ ನನಗೆ ನಿಜವಾಗಿ ಭಯವಾಯಿತು.

ನಾನು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ಬೇಸಿಗೆ ರಜೆ ಬಂತು. ಅತ್ತೆ ಮಲಗುತ್ತಿದ್ದುದು ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ. ಅದರ ಹೊಸ್ತಿಲು ಎಷ್ಟು ಎತ್ತರವೆಂದರೆ ಗಟ್ಟಿ ಕಾಲಿನ ನಾನೇ ಎಡವುತ್ತೇನೆ. ಹುಳುಮನೆಗೆ ಹೊಸ್ತಿಲಿಲ್ಲ, ಎರಡೂ ಕಡೆ ಕಿಟಕಿ, ಬಚ್ಚಲು ಒತ್ತಿಗೇ ಇದೆ. ಅದನ್ನು ಸಿಂಗರಿಸಿ ಅವರನ್ನು ಅಲ್ಲಿಗೆ ಸಾಗಿಸಿದರೆ ನಡೆಯುವ ಮನಸ್ಸಾದರೂ ಬಂದೀತು ಎಂದುಕೊಂಡೆ. ಮೊಬೈಲಿನಲ್ಲಿ ಹೆಂಗಸರು ಹಳೆಯ ಟೈರಿನಿಂದ ಸೋಫಾ, ಬಾಟಲಿಯಿಂದ ದೀಪ ಮಾಡುವುದನ್ನು ನೋಡಿ ನೋಡಿ ನನ್ನ ಕೈಯೂ ಕಡಿಯುತ್ತಿತ್ತು.

ಅತ್ತೆಗೆ ಹೇಳಿದೆ. "ಹುಳುಮನೇಲಿ ನಾನು ಒಂದಿನಾನೂ ಕೂತೋಳಲ್ಲ. ಈಗ ಅಲ್ಲೋಗಿ ಮಲಕ್ಕೊ ಅಂತೀಯಲ್ಲಮ್ಮ" ಎಂದರು.

"ಮಲಗೋದಕ್ಕಲ್ಲ ಅತ್ತೆ, ನಡೆಯೋದಕ್ಕೆ."

"ನಡೆಯೋಳು ಎಲ್ಲಿದ್ರೂ ನಡೀತಾಳೆ."

ಉತ್ತರ ತೋಚದಿದ್ದರೆ ನಾನು ಪೊರಕೆ ಹಿಡಿಯುವವಳು.

ಗುಜರಿಯನ್ನೆಲ್ಲ ಅಂಗಳಕ್ಕೆ ಎಳೆದು, ಬ್ಲೀಚಿಂಗ್ ಪೌಡರ್ ಹಾಕಿ ನೆಲ ತೊಳೆದೆವು. ಸುಣ್ಣಕ್ಕೆ ಚಿಟಿಕೆ ಹಳದಿ ಬಣ್ಣ ಬೆರೆಸಿದರೆ ಬೆಣ್ಣೆಯ ಬಣ್ಣ ಬರುತ್ತದೆಂದು ವಿಡಿಯೊದಾಕೆ ಹೇಳಿದ್ದಳು. ಯಜಮಾನರ ಚಿಟಿಕೆ ದೊಡ್ಡದು, ಮೊದಲ ಗೋಡೆ ಚಿತ್ರಾನ್ನವಾಯಿತು. ಅದರ ಮೇಲೆ ಇನ್ನೊಂದು ಕೈ ಬಿಳಿ ಹೊಡೆದು ಸರಿ ಮಾಡಿದೆವು. ದುಂಡನೆಯ ಬಿದಿರು ತಟ್ಟೆಗಳಿಗೆ ಕೆಮ್ಮಣ್ಣು ಬಳಿದು, ಸುಣ್ಣದಲ್ಲಿ ಎಳೆ ರಂಗೋಲಿ ಬಿಡಿಸಿ ಗೋಡೆಗೆ ಹಾಕಿದೆ. ಸ್ಟ್ಯಾಂಡನ್ನು ಅರ್ಧಕ್ಕೆ ಕತ್ತರಿಸಿದ್ದರಿಂದ ಔಷಧಿ, ನೀರಿನ ಚೆಂಬು ಇಡಲು ಕಪಾಟು ಸಿಕ್ಕಿತು. ನನ್ನ ಹಳೆಯ ಸೀರೆಗಳು ಪರದೆಯಾದವು. ಹಳೇ ಟವೆಲನ್ನು ಸಿಮೆಂಟಿನಲ್ಲಿ ಅದ್ದಿ ಹೂಕುಂಡ ಮಾಡುವ ವಿದ್ಯೆಯನ್ನೂ ಪರೀಕ್ಷಿಸಿದೆ. ಅದು ಬಾಡಿದ ಎಲೆಕೋಸಿನ ಹಾಗೆ ಕುಸಿದು ಕೂತಿತು. ಈಗ ಅದರಲ್ಲಿ ಪಕ್ಕದ ಮನೆಯ ಕೋಳಿ ಮೊಟ್ಟೆ ಇಡುತ್ತದೆ.

ನಾನು ಬಹಳ ಆಸೆಪಟ್ಟು ಮಾಡಿದ್ದು ಹಿಡಿಗಂಬಿ. ಸ್ಟ್ಯಾಂಡಿನ ಉದ್ದನೆಯ ಬಿದಿರುಗಳನ್ನು ಪಾಲಿಶ್ ಪೇಪರಿನಲ್ಲಿ ಸಿಬಿರು ಏಳದಂತೆ ಉಜ್ಜಿ, ಕೈ ಜಾರದಿರಲೆಂದು ಸೀರೆಯ ಅಂಚು ಸುತ್ತಿದೆ. ಯಜಮಾನರು ಅದನ್ನು ಮಂಚದ ತಲೆಯಿಂದ ಎದುರಿನ ಗೋಡೆಯನ್ನೂ ಬಳಸಿ ಬಚ್ಚಲಿನ ಬಾಗಿಲವರೆಗೂ ಗೋಡೆಗೆ ಬಿಗಿದರು. ತಾವೇ ಜೋತುಬಿದ್ದು ನೋಡಿ, "ಎಮ್ಮೆ ಕಟ್ಟಿದ್ರೂ ಜಗ್ಗಲ್ಲ" ಎಂದರು. "ನಿಮ್ಮಮ್ಮನ ಮುಂದೆ ಈ ಮಾತು ಆಡಬೇಡಿ" ಎಂದೆ.

ಕೊನೆಗೆ ಉಳಿದದ್ದು ಚಂದ್ರಿಕೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ಚಾಪೆ ಅದು. ಅದರ ಮೇಲೆ ಬಿದಿರಿನ ಪಟ್ಟಿ ಸುತ್ತು ಸುತ್ತಾಗಿ ನಿಂತಿರುತ್ತದೆ. ಮಂಚದ ಎದುರಿನ ಗೋಡೆ ಬೋಳಾಗಿತ್ತು, ಅಲ್ಲಿ ಹಿಡಿಗಂಬಿಯ ಮೇಲುಗಡೆ ತೂಗುಹಾಕಿದೆವು. ಬರಿಯ ಚಂದ್ರಿಕೆ ಹೂವಿಲ್ಲದ ಜಡೆಯ ಹಾಗೆ ಕಂಡಿತು. ಅದೇ ವಾರ ಶೆಡ್ಡಿನಲ್ಲಿ ಗೂಡು ಬಿಡಿಸಿದ್ದರು. ಒಳ್ಳೆಯದೆಲ್ಲ ಮಾರ್ಕೆಟ್ಟಿಗೆ ಹೋಗಿತ್ತು. ಆರಿಸಿ ತೆಗೆದ ಡೊಂಕು ಗೂಡು, ಜೋಡಿ ಗೂಡು ಬುಟ್ಟಿಯಲ್ಲಿ ಉಳಿದಿತ್ತು. ಅದನ್ನೇ ಹಾರ ಮಾಡಿ ಚಂದ್ರಿಕೆಯ ಸುತ್ತಿನಲ್ಲಿ ಕೂರಿಸೋಣ ಎಂದೆ.

ಅಷ್ಟರಲ್ಲಿ ಅತ್ತೆಯನ್ನು ಮಂಚದ ಸಮೇತ ಅಲ್ಲಿಗೆ ಸಾಗಿಸಿದ್ದೆವು. ಅವರು ಕೋಣೆಯನ್ನು ಒಮ್ಮೆ ಸುತ್ತ ನೋಡಿದರು. ಹಿಡಿಗಂಬಿಯನ್ನು ಬೆರಳಲ್ಲಿ ತಟ್ಟಿ, ಅದರ ಮೇಲೆ ತಮ್ಮ ಟವೆಲು ಹರವಿದರು. "ನೆಲ ನುಣ್ಣಗೈತೆ ಕಣಪ್ಪ, ಜಾರ್ತದೆ" ಎಂದು ಮಗನಿಗೆ ದೂರಿದರು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದು ಯಜಮಾನರು ನಕ್ಕರು. ಅತ್ತೆ ನಗಲಿಲ್ಲ.

ಗೂಡಿನ ಬುಟ್ಟಿ ಕಂಡಾಗ ಮಾತ್ರ ಕೈ ಚಾಚಿದರು. ಗೂಡಿನ ಮೇಲಿನ ಬೂರುಗದ ಹತ್ತಿಯಂಥ ನೂಲನ್ನು ಬಿಡಿಸಿ ಬಿಡಿಸಿ ನನಗೆ ಕೊಟ್ಟರು. ನಾನು ಹೂ ಪೋಣಿಸುವ ಹಾಗೆ ನಡುವೆ ಸೂಜಿ ಹಾಕಲು ಹೋದೆ.

"ಹೊಟ್ಟೆಗೆ ಚುಚ್ಚಬ್ಯಾಡ ಕಣಮ್ಮ, ಒಳಗಿನ ಹುಳ ಒಡೆದು ರಸ ಸೋರ್ತದೆ, ವಾಸ್ನೆ ಬರ್ತದೆ. ಮೇಲ್ಮೇಲೆ ಸಿಪ್ಪೇಲಿ ಹಾಯ್ಸು."

ಹಾಗೇ ಹಾಯಿಸಿದೆ. ಬಿಳಿಯ ಹಾರಗಳನ್ನು ಚಂದ್ರಿಕೆಯ ಸುತ್ತಿನಲ್ಲಿ ಕೂರಿಸಿದಾಗ ಕೋಣೆಗೆ ಕಳೆ ಬಂತು. ಅತ್ತೆ ಮಲಗಿದಲ್ಲಿಂದಲೇ ನೋಡುತ್ತಿದ್ದರು. ನೋಡಿದ್ದಷ್ಟೇ, ಕಾಲು ಮಾತ್ರ ಮಂಚದಿಂದ ಇಳಿಯಲಿಲ್ಲ. ದಿನ ಕಳೆದವು. ಡಾಕ್ಟರು ಕೊಟ್ಟಿದ್ದ ಗಡುವು ಹತ್ತಿರ ಬಂತು. ಮೊಣಕಾಲು ಮಡಿಸುವಾಗ ಅತ್ತೆ ನರಳತೊಡಗಿದ್ದರು. ಬಣ್ಣ ಬಳಿದು, ಪರದೆ ಕಟ್ಟಿ, ನಾನು ಅವರಿಗೆ ಚೆಂದದ ಜಾಗದಲ್ಲಿ ಮಲಗಿರುವ ವ್ಯವಸ್ಥೆ ಮಾಡಿಕೊಟ್ಟೆನೇ ಎಂದು ದಿಗಿಲಾಯಿತು. ವಿಡಿಯೊ ನೋಡುವುದನ್ನು ಬಿಟ್ಟೆ.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಚಟ್ನಿ ರುಬ್ಬಿ ಮಿಕ್ಸಿ ನಿಲ್ಲಿಸಿದ್ದೆ. ಹುಳುಮನೆಯಿಂದ ಗಟ್ಟಿ ದನಿ ಬಂತು.

"ಪೋವೇ! ಪೋ! ಇಕ್ಕಡೇಂ ಪನಿ ನೀಕು?"

ತೆಲುಗು. ಹೋಗೇ, ಇಲ್ಲೇನು ಕೆಲಸ ನಿನಗೆ ಎಂದು ಯಾರನ್ನೋ ಬೈಯುತ್ತಿದ್ದರು. ಬೆಳಿಗ್ಗೆ ಬೆಳಿಗ್ಗೆಯೇ ಯಾರು ಬಂದು ಬೈಸಿಕೊಳ್ಳುತ್ತಿದ್ದಾರೆ ಎಂದು ಸೌಟು ಹಿಡಿದೇ ಓಡಿದೆ.

ಮಂಚ ಖಾಲಿ. ಹೊದಿಕೆ ನೆಲದ ಮೇಲೆ ಬಿದ್ದಿತ್ತು. ವಾಕರ್ ಸೀರೆ ಹೊದ್ದುಕೊಂಡು ಮೂಲೆಯಲ್ಲೇ ನಿಂತಿತ್ತು. ಬಿದ್ದಿದ್ದಾರೆ ಎಂದುಕೊಂಡು ಮೊದಲು ಮಂಚದ ಕೆಳಗೆ ಹುಡುಕಿದೆ. ಎಂಥ ಬುದ್ಧಿ ನೋಡಿ.

ಅತ್ತೆ ಎದುರಿನ ಗೋಡೆಯ ಹತ್ತಿರ, ಚಂದ್ರಿಕೆಯ ಮುಂದೆ ನಿಂತಿದ್ದರು. ಎಡಗೈ ಹಿಡಿಗಂಬಿಯ ಬಿದಿರನ್ನು ಹಿಡಿದಿತ್ತು. ಬಲಗೈಯ ಟವೆಲಿನಲ್ಲಿ ಗೋಡೆಗೆ ಬಾರಿಸುತ್ತಿದ್ದರು. ದಪ್ಪನೆಯ ಹಲ್ಲಿಯೊಂದು ಸೂರಿನ ಕಡೆಗೆ ಓಡುತ್ತಿತ್ತು. ಚಂದ್ರಿಕೆಯ ತುಂಬ ಬಿಳಿ ಬಿಳಿ ಚಿಟ್ಟೆಗಳು! ಒದ್ದೆ ರೆಕ್ಕೆ ಬಿಚ್ಚುತ್ತ, ತರತರ ನಡುಗುತ್ತ, ಹಾರದ ಮೇಲೆಲ್ಲ ಹರಿದಾಡುತ್ತಿದ್ದವು. ಒಂದೊಂದು ಗೂಡಿಗೂ ತುದಿಯಲ್ಲಿ ತೂತು. ಅವು ಬಿಟ್ಟ ಕಂದು ನೀರು ನನ್ನ ಹೊಸ ಸುಣ್ಣದ ಮೇಲೆ ಉದ್ದಕ್ಕೂ ಇಳಿದಿತ್ತು.

ಗೂಡಿನಿಂದ ಚಿಟ್ಟೆ ಬರುತ್ತದೆಂದು ನಮಗೆ ಗೊತ್ತಿಲ್ಲವೇ? ವರ್ಷವರ್ಷವೂ ಬೋರ್ಡಿನ ಮೇಲೆ ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಂದು ಬಾಣದ ಗುರುತು ಎಳೆದು ಬರೆಯುವವಳು ನಾನೇ. ಆದರೆ ನಮ್ಮ ಕಡೆ ಗೂಡು ಬಿಡಿಸಿದ ಕೂಡಲೇ ಮಾರ್ಕೆಟ್ಟಿಗೆ ಹೋಗುತ್ತದೆ, ಅಲ್ಲಿಂದ ನೇರ ನೂಲು ತೆಗೆಯುವವರ ಬಿಸಿನೀರಿಗೆ. ಮನೆಯಲ್ಲಿ ಅಷ್ಟು ದಿನ ಗೂಡು ಇಟ್ಟುಕೊಂಡವರು ಯಾರಿದ್ದಾರೆ? ಹಾರಕ್ಕೆ ಮುಂಚೆ ಅದನ್ನು ಬಿಸಿಲಿಗೋ ಉಗಿಗೋ ಇಟ್ಟು ಒಣಗಿಸಬೇಕೆಂದು ನನಗೂ ಹೊಳೆಯಲಿಲ್ಲ, ತಲೆತಲಾಂತರದಿಂದ ಹುಳು ಸಾಕಿದ ಈ ಮನೆಯವರಿಗೂ ಹೊಳೆಯಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು. ಮೇಲಾಗಿ, ಹೊಟ್ಟೆಗೆ ಚುಚ್ಚಬೇಡ ಎಂದು ಅಷ್ಟನ್ನೂ ಉಳಿಸಿದವರು ಅತ್ತೆಯೇ.

"ಹಲ್ಲಿ ಎರಡು ಚಿಟ್ಟೆ ತಿಂದೇ ಬಿಡ್ತು ಕಣಮ್ಮ, ಕೂಗಿದ್ರೆ ನಿನ್ನ ಮಿಕ್ಸಿ ಗಲಾಟೆ" ಎಂದು ನನ್ನನ್ನು ದೂರಿದರು. ಟವೆಲನ್ನು ಹೆಗಲಿಗೆ ಹಾಕಿಕೊಂಡು ಒಂದು ಚಿಟ್ಟೆಯನ್ನು ಮೆಲ್ಲಗೆ ಅಂಗೈ ಮೇಲೆ ಹತ್ತಿಸಿಕೊಂಡರು. "ಈ ಕೈಯಾಗೆ ಎಷ್ಟು ಬುಟ್ಟಿ ಗೂಡು ಬಿಡಿಸಿದೀನಿ. ಇದರ ಮಕ ನೋಡ್ತಿರೋದು ಇವತ್ತೇ. ನೋಡು, ಹುಬ್ಬು ಎಷ್ಟು ಚೆನ್ನಾಗಿಟ್ಕೊಂಡೈತೆ."

ನಾನು ಚಿಟ್ಟೆಯನ್ನು ನೋಡಲಿಲ್ಲ. ಸೀರೆಯ ಕೆಳಗೆ ಕಾಣುತ್ತಿದ್ದ ಅವರ ಎರಡು ಪಾದಗಳನ್ನೇ ನೋಡುತ್ತಿದ್ದೆ. ನೆಲಕ್ಕೆ ಊರಿದ್ದವು, ಬೆರಳು ಸಹಿತ. ಅಳು ಬಂತು, ಜೊತೆಗೇ ನಗುವೂ ಬಂತು. ಸೌಟಿನಿಂದ ಚಟ್ನಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಇಷ್ಟು ದಿನ ಎದೆಯೊಳಗೆ ಕಟ್ಟಿಕೊಂಡಿದ್ದ ಹೆದರಿಕೆಯೆಲ್ಲ ಒಮ್ಮೆಗೇ ಬಿಚ್ಚಿಕೊಂಡಿತು.

ನನ್ನ ಮುಖ ನೋಡಿ ಅತ್ತೆ ತಾವೂ ಕೆಳಗೆ ನೋಡಿಕೊಂಡರು. ಪಾದ ನೋಡಿದರು, ಹಿಂತಿರುಗಿ ಮಂಚ ನೋಡಿದರು. ಮಂಚ ಕೋಣೆಯ ಆ ತುದಿಯಲ್ಲಿತ್ತು. ಬಿದಿರು ಹಿಡಿದ ಕೈ ಬಿಗಿಯಾಯಿತು, ಹಣೆಯ ಮೇಲೆ ಹಳೆಯ ಬೆವರು ಮೂಡಿತು.

"ಈಗ ವಾಪಸ್ ಹೋಗೋದು ಹೆಂಗಮ್ಮ?"

"ಬಂದಂಗೇ, ಅತ್ತೆ."

ಹಾಗೆಂದು ಹೇಳಿದೆನೇ ಹೊರತು ಸೌಟು ಕೆಳಗಿಟ್ಟು ಓಡಿಹೋಗಿ ಕೈ ಚಾಚಿದೆ. ಅವರು ಅದನ್ನು ಹಿಡಿಯಲಿಲ್ಲ. ಚಿಟ್ಟೆಯನ್ನು ನನ್ನ ಅಂಗೈ ಮೇಲೆ ಬಿಟ್ಟು, "ಹಲ್ಲಿ ಬರದಂಗೆ ನೋಡ್ಕೊ" ಎಂದು ಹೇಳಿ, ಎರಡೂ ಕೈಯಲ್ಲಿ ಬಿದಿರು ಹಿಡಿದು ಹೊರಟರು.