ಮೈಲವ್ವನ ‘ಸದ್ದಲೇ’

ಕೆಲಸಕ್ಕೆ ಕೂರುವ ಮೊದಲು ಮೈಲವ್ವ ಕೈ ಮೇಲೆತ್ತಿ ‘ಸದ್ದಲೇ!’ ಎಂದು ಕೂಗುತ್ತಿದ್ದಳು. ಹಡಗಲಿ ಸೀಮೆಯ ಮೈಲಾರದ ಜಾತ್ರೆಯಲ್ಲಿ ಗೊರವಪ್ಪ ಬಿಲ್ಲೇರಿ ವರ್ಷದ ಭವಿಷ್ಯ ಹೇಳುವ ಕಾರಣಿಕ ನುಡಿಯುವ ಮುನ್ನ ಜನರನ್ನು ಸುಮ್ಮನಾಗಿಸುವ ಕೂಗು ಅದು. ಪುಣೆಯಾಚೆಯ ರೇಡಿಯೋ ಟೆಲಿಸ್ಕೋಪಿನ ಕಂಟ್ರೋಲ್ ರೂಮಿನಲ್ಲಿ ಮರಾಠಿ ಇಂಜಿನಿಯರುಗಳೂ ಅದಕ್ಕೆ ಬಾಯಿ ಮುಚ್ಚುತ್ತಿದ್ದರು.

ಒಮ್ಮೆ ನೋಡಲು ಹೋದಾಗ, ‘ನಾವು ಮಾತಾಡಿದ್ರೆ ನಿನ್ನ ಸ್ಟಾರಿಗೆ ಡಿಸ್ಟರ್ಬ್ ಆಗ್ತತೇನೇ?’ ಎಂದೆ.

‘ಅದಕ್ಕೇನಾಕ್ಕೈತಿ ಲೇ. ಸುದ್ದಿ ಕೇಳಾಕ ಕುಂತವರು ಮೊದಲು ಬಾಯಿ ಮುಚ್ಚಬೇಕು.’

ಕಾನ್ವೆಂಟ್ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಅವಳು. ಹಿರೇಹಡಗಲಿ ಕಡೆಯ ಕುರಿಗಾರರ ಮಗಳು. ಸಿಸ್ಟರ್ ಸ್ಟೈಲಾಗಿ ‘ಮೇ’ ಎಂದು ಕರೆದರೆ, ‘ಅದು ಕುರಿ ಒದರೋದ್ರಿ ಸಿಸ್ಟರ್’ ಎನ್ನುತ್ತಿದ್ದಳು.

ಸಿಡಿದು ಸಾಯುವ ನಕ್ಷತ್ರಗಳೇ ಅವಳ ಕೆರಿಯರ್. ಬೆಳಕು ಆರಿ ಉಳಿದವರೆಲ್ಲ ಮರೆತ ಮೇಲೆ ಅವಳ ಕೆಲಸ ಶುರು. ‘ಸಾಯೋ ಮೊದಲು ನಕ್ಷತ್ರ ಮೈಮ್ಯಾಲಿಂದು ಉದುರಿಸಿರ್ತೈತಿ, ಕುರಿ ತುಪ್ಪಟ ಕತ್ತರಿಸಿ ಒಗದಂಗ. ಸಿಡಿದದ್ದು ಹೋಗಿ ಅದಕ್ಕ ಬಡಿದಾಗ ರೇಡಿಯೋದಾಗ ಸುದ್ದಿ. ಇವತ್ತ ಬಂದೀತು, ನಾವು ಹೋದಮ್ಯಾಲ ಬಂದೀತು.’

ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಿಡಿದ ಒಂದು ನಕ್ಷತ್ರವನ್ನು ಮಾತ್ರ ಬಿಡಲೇ ಇಲ್ಲ. ವರ್ಷವರ್ಷವೂ ಟೆಲಿಸ್ಕೋಪಿನ ತಟ್ಟೆಗಳನ್ನು ಅತ್ತ ತಿರುಗಿಸಿದಳು, ಏನೂ ಇಲ್ಲ. ಒಮ್ಮೆ ಪರದೆಯ ಮೇಲೆ ಗೆರೆ ಎದ್ದಿತು, ರೂಮಿನಲ್ಲಿ ಪೇಡೆ ಹಂಚಿದರು. ಅದು ಹತ್ತಿರದ ಕರೆಂಟ್ ತಂತಿಯ ಕಿಡಿ ಎಂದು ಅವಳೇ ಪತ್ತೆ ಮಾಡಿದಳು. ‘ತಿಂದ ಪೇಡೆ ವಾಪಸ್ ಕೊಡಾಕ ಬರಂಗಿಲ್ಲ’ ಎಂದು ನಕ್ಕಳು. ಆ ನಗುವಿನಲ್ಲೇ ಸುಸ್ತು ಕಂಡಿತ್ತು.

ರಿಟೈರಾಗಿ ಕೊಟ್ಟೂರಿನ ತಮ್ಮನ ಮನೆ ಸೇರಿದಳು. ಹೋದ ವರ್ಷ ಹಾಸಿಗೆ ಹಿಡಿದಳು, ಡಾಕ್ಟರು ಕೈಚೆಲ್ಲಿದರು. ‘ಒಮ್ಮಿ ಅದರ ಸುದ್ದಿ ಕೇಳಿ ಹೋಗ್ತೀನಿ ಲೇ’ ಎನ್ನುತ್ತಿದ್ದಳು. ನಾನು ನೋಡಲು ಹೋದ ದಿನವೇ ಟೆಲಿಸ್ಕೋಪಿನಿಂದ ಅವಳ ಶಿಷ್ಯೆ ವೈಶಾಲಿಯ ಫೋನ್ ಬಂತು, ನಾನೇ ಎತ್ತಿದೆ. ‘ನಥಿಂಗ್, ಆಂಟಿ.’

ಮೈಲವ್ವನ ತಮ್ಮ ನನ್ನನ್ನು ಹೊರಗೆ ಕರೆದ. ‘ಬಂತಂತ ಹೇಳಿಬಿಡ್ರಿ ಅಕ್ಕಾರ. ಸಮಾಧಾನದಿಂದ ಹೋಗ್ಲಿ.’

ಒಳಗೆ ಹೋದೆ. ಬಾಯಿ ತೆರೆಯುವ ಮೊದಲೇ ಮೈಲವ್ವ ಮುಖ ನೋಡಿದಳು. ‘ಸುಳ್ಳು ಹೇಳಬ್ಯಾಡ. ಕಾನ್ವೆಂಟಿನಾಗೂ ನಿನಗ ಬರ್ತಿರಲಿಲ್ಲ.’

‘ಏನೂ ಇಲ್ಲಂತೆ ಕಣೇ.’

ಕಣ್ಣು ಮುಚ್ಚಿ ತೆರೆದಳು. ‘ಹಂಗಾರ ಇಲ್ಲ ಅಂತ ಬರಿಯಾಕ ವೈಶಾಲಿಗೆ ಹೇಳು. ಎಷ್ಟು ಸಣ್ಣ ಸುದ್ದಿ ತನಕ ನಮಗ ಸಿಗ್ತಿತ್ತು ಅನ್ನೋದನ್ನೂ ಬರೀಲಿ. ಮುಂದಿನಾಕಿ ಅಲ್ಲಿಂದ ಹಿಡೀಲಿ’ ಎಂದಳು.

ನಾನು ಅವಳನ್ನು ಕಂಡದ್ದು ಅದೇ ಕೊನೆ.

ಮೊನ್ನೆ ಟೆಲಿಸ್ಕೋಪಿನ ಲ್ಯಾಂಡ್‌ಲೈನಿನಿಂದ ವೈಶಾಲಿ ಫೋನ್ ಮಾಡಿದ್ದಳು. ತಟ್ಟೆಗಳು ಮತ್ತೆ ಅತ್ತಲೇ ತಿರುಗಿವೆಯಂತೆ. ‘ಜಸ್ಟ್ ಹೋಲ್ಡ್ ಆನ್, ಆಂಟಿ’ ಎಂದಳು. ಹಿಂದೆ ಯಾರೋ ಮರಾಠಿಯಲ್ಲಿ ಹರಟುತ್ತಿದ್ದರು. ಅವರತ್ತ ತಿರುಗಿ ಕೂಗಿದಳು: ‘ಸದ್ದಲೇ!’

ಇಲ್ಲಿ, ಹರಪನಹಳ್ಳಿಯ ನನ್ನ ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ಮೊಣಕಾಲು ಹಿಡಿದುಕೊಂಡು ಎದ್ದು ಹೋಗಿ ಆರಿಸಿದೆ.