ಏಳನೆಯ ಕೋಣೆಯ ಕ್ಯಾಮೆರಾ

ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂದ ಹೊಸತು. ಕುಷ್ಟಗಿಯ ಶಾಲೆಯಲ್ಲಿ ನಾನು ಹೆಡ್‌ಮಿಸ್ಟ್ರೆಸ್ ಆಗಿದ್ದೆ. ಗಣಿತ ಪೇಪರಿನ ದಿನ ಆಫೀಸಿನ ಸ್ಕ್ರೀನಿನಲ್ಲಿ ಏಳನೆಯ ಕೋಣೆಯೊಂದೇ ಹತ್ತು ನಿಮಿಷ ಕಪ್ಪಾಯಿತು. ರೆಕಾರ್ಡಿಂಗ್ ತಿರುಗಿಸಿದರೆ, ಕಪ್ಪಾಗುವ ಮುಂಚೆ ಕಂಡದ್ದು ಒಂದೇ: ಆ ಕೋಣೆಯ ಟೀಚರ್ ಒಂದೊಂದಾಗಿ ಕಿಟಕಿ ಮುಚ್ಚುತ್ತಿದ್ದುದು.

ತಪಾಸಣೆಗೆ ಬಂದಿದ್ದ ಅಧಿಕಾರಿ, ಉತ್ತರಪತ್ರಿಕೆಗಳು ಸೀಲ್ ಆದ ಮೇಲೆ ಆಕೆಯನ್ನು ಕರೆಸಿದರು. ಹನುಮಸಾಗರದಿಂದ ದಿನವೂ ಬಸ್ಸಿನಲ್ಲಿ ಬರುವವಳು. ನೌಕರಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ.

“ಕಿಟಕಿ ಯಾಕ ಮುಚ್ಚಿದ್ರಿ?”

“ಧೂಳ್ರಿ ಸರ್. ಗಾಳಿಗೆ ಪೇಪರ್ ಹಾರಾಕತ್ತಿದ್ವು.”

“ಬಾಗಲಾ?”

ಆಕೆ ನನ್ನ ಕಡೆ ನೋಡಿದಳು. “ತೆರದ ಇತ್ರಿ.”

“ಕಿಟಕಿ ಮುಚ್ಚಿದ್ರಿ, ಕ್ಯಾಮೆರಾ ಬಂದ್ ಆತು. ತೆರದ್ರಿ, ಚಾಲೂ ಆತು. ಭಾಳ ಶಾಣ್ಯಾ ಕ್ಯಾಮೆರಾ ಬಿಡ್ರಿ!”

ಅವರ ವರದಿ ಆಗಲೇ ಅರ್ಧ ತುಂಬಿತ್ತು. ನಕಲಿಗೆ ನೆರವಾದಳೆಂದು ಅದು ಮೇಲೆ ಹೋದರೆ ಆಕೆ ಸಸ್ಪೆಂಡ್, ನೋ ಡೌಟ್.

ಗಂಗಾವತಿಯ ರೈಸ್‌ಮಿಲ್ಲುಗಳಿಗೆ ಕ್ಯಾಮೆರಾ ಹಾಕುವ ಮೆಕ್ಯಾನಿಕ್ಕೇ ನಮಗೂ ಹಾಕಿಕೊಟ್ಟಿದ್ದ. ಗೇಟಿನ ಹೊರಗಿದ್ದ ಅವನನ್ನು ಕರೆಸಿದೆ. ರೆಕಾರ್ಡಿಂಗನ್ನು ಮೂರು ಸಲ ನೋಡಿದ.

“ಮೇಡಂ, ಕಡೀಕ ಬಣ್ಣ ಹೋಗೇತಿ ನೋಡ್ರಿ. ಕತ್ತಲಾತು ಅಂತ ತಿಳದು ತನ್ನ ರಾತ್ರಿ ಲೈಟ್ ಹಚ್ಚೇತಿ. ಆ ಲೈಟಿನಾಗ ಬಣ್ಣ ಕಾಣಂಗಿಲ್ರಿ.”

ಈ ಕ್ಯಾಮೆರಾಗಳಿಗೆ ಬೇರೆ ಕರೆಂಟಿನ ವೈರ್ ಇಲ್ಲ. ಚಿತ್ರ ಒಯ್ಯುವ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟೂ ಬರುತ್ತದೆ. ಒಳಗಿನ ಪುಟ್ಟ ಚಿಪ್ ತನಗೆಷ್ಟು ಬೇಕೆಂದು ಮೊದಲೇ ತಿಳಿಸಬೇಕು, ಆಮೇಲೆಯೇ ಆಫೀಸಿನ ಸ್ವಿಚ್ ಪೆಟ್ಟಿಗೆ ಕೊಡುವುದು. ಬಳ್ಳಾರಿಯ ಕಾನ್ವೆಂಟಿನಲ್ಲಿ ‘ಮೇ ಐ ಕಮ್ ಇನ್, ಸಿಸ್ಟರ್?’ ಅನ್ನದೆ ಹೊಸ್ತಿಲು ದಾಟದ ನನಗೆ ಅದು ತಟ್ಟನೆ ಅರ್ಥವಾಯಿತು.

“ಈ ಅಗ್ಗದ್ದರ ಚಿಪ್ ಕಡಿಮಿ ಕೇಳ್ತೈತ್ರಿ. ಲೈಟ್ ಹತ್ತಿದ ಮ್ಯಾಲ ಹೆಚ್ಚು ಎಳೀತೈತಿ. ಸ್ವಿಚ್ ಕಟ್ ಮಾಡಿ ಒಗೀತೈತಿ.”

ಅಗ್ಗದ್ದೇ ಸಾಕೆಂದವಳು ನಾನೇ.

“ಮಾಡಿ ತೋರಸಪಾ,” ಎಂದರು ಅಧಿಕಾರಿ.

ಏಳನೆಯ ಕೋಣೆಯಲ್ಲಿ ನಿಂತು ಮೆಕ್ಯಾನಿಕ್‌ನ ಮೊಬೈಲಿನಲ್ಲಿ ಅದೇ ಕೋಣೆಯನ್ನು ನೋಡಿದೆವು. ಕಿಟಕಿಗಳನ್ನೆಲ್ಲ ಮುಚ್ಚಿದ. ಒಂದು ನಿಮಿಷ. ಎರಡು. ಚಿತ್ರದ ಬಣ್ಣ ಹೋಗಲಿಲ್ಲ. ಬೆಂಚುಗಳ ಹಸಿರು ಹಸಿರಾಗಿಯೇ ಇತ್ತು.

“ಸಾಕ್ರಿ ನಿಮ್ಮ ಸೈನ್ಸು,” ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

ಮೆಕ್ಯಾನಿಕ್ ತಲೆ ಕೆರೆದುಕೊಂಡ. ನನ್ನ ಕಣ್ಣು ನೆಲದ ಮೇಲಿತ್ತು. ಬಾಗಿಲಿನಿಂದ ಬಿದ್ದ ಬಿಸಿಲು ಕರಿಹಲಗೆಯವರೆಗೆ ಚಾಚಿತ್ತು. ಕ್ಯಾಮೆರಾ ಇದ್ದದ್ದು ಬಾಗಿಲಿನ ನೆತ್ತಿಯ ಮೇಲೆ. ಬಾಗಿಲು ಮಾತ್ರ ಅದಕ್ಕೆ ಕಾಣುವುದಿಲ್ಲ. ಬೆಳಿಗ್ಗೆ ನಿಯಮ ಓದುವಾಗ ನಾನು ಅಂದದ್ದು ನೆನಪಾಯಿತು: “ಬಾಗಿಲು ಮುಚ್ಚಿದರೆ ನೋಟಿಸ್. ನೋ ಎಕ್ಸ್‌ಕ್ಯೂಸಸ್.”

ಆಕೆಯೂ ಆ ಬಿಸಿಲನ್ನೇ ನೋಡುತ್ತಿದ್ದಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತ, ಬಿಚ್ಚುತ್ತ. ಪೆನ್ನು ಕಾಗದಕ್ಕೆ ಮುಟ್ಟಿತು.

ಆಕೆ ನಡೆದುಹೋಗಿ ಬಾಗಿಲು ಮುಚ್ಚಿದಳು.

“ಹಿಂಗಿತ್ರಿ ಸರ್,” ಕತ್ತಲಲ್ಲಿ ಆಕೆಯ ದನಿ. “ಆಗ ಸುಳ್ಳು ಹೇಳಿದ್ನಿ.”

ಮೊಬೈಲಿನಲ್ಲಿ ಬೆಂಚುಗಳು ಬೂದಿಯ ಬಣ್ಣಕ್ಕೆ ತಿರುಗಿದವು. ಮೇಲೆ ಕ್ಯಾಮೆರಾ ಟಿಕ್ ಎಂದಿತು. ಚಿತ್ರ ಆರಿಹೋಯಿತು.

ಕಿಟಕಿ ತೆರೆದ ಮೇಲೆ ಅಧಿಕಾರಿ ಬರೆದದ್ದನ್ನು ಹೊಡೆದು, ಕ್ಯಾಮೆರಾ ದೋಷ ಎಂದು ಬರೆದರು. “ಬಾಗಲದ ವಿಚಾರ ನೀವ ನೋಡ್ಕೋರಿ, ಮೇಡಂ.”

ವರಾಂಡದಲ್ಲಿ ಕೇಳಿದೆ, “ಅವರಿಗೆ ಅಷ್ಟು ಅಂಜಿದಿಯೇನವಾ?”

“ಅವರಿಗಲ್ರಿ ಮೇಡಂ,” ಅಂದು ಬಸ್ಸಿಗೆ ಓಡಿದಳು.

ನೋಟಿಸ್ ನಾನು ಬರೆಯಲಿಲ್ಲ. ಮುಂದಿನ ಪೇಪರಿನ ಬೆಳಿಗ್ಗೆ ನಿಯಮ ಓದುತ್ತ ಬಾಗಿಲಿನ ಸಾಲಿಗೆ ಬಂದಾಗ ತಲೆ ಎತ್ತಿ ಆಕೆಯ ಕಡೆ ನೋಡಿದೆ. ಆಕೆ ಬ್ಯಾಗಿನಿಂದ ಪೇಪರಿನಲ್ಲಿ ಸುತ್ತಿದ ಇಟ್ಟಿಗೆ ತೆಗೆದಳು. “ಬಾಗಲಾ ಮುಚ್ಚಬಾರದಂತ ಒಡ್ಡಾಕ ತಂದೀನ್ರಿ.”

ಎಲ್ಲರೂ ನಕ್ಕರು. ನಾನು ಆ ಸಾಲನ್ನು ಬಿಟ್ಟು ಮುಂದೆ ಓದಿದೆ.